ತೋಟ ಬಿಡದೆ ರಂಗ ಕಟ್ಟಿದ ಹೆಗ್ಗೋಡಿನ ಸುಬ್ಬಣ್ಣ

ಇಂದೂರ: ನಾಟಕ ಕಲಿಯಬೇಕಂದ್ರೆ ದೊಡ್ಡ ಪಟ್ಟಣಕ್ಕೇ ಹೋಗಬೇಕು ಅನ್ನೋ ಮಾತನ್ನು ಸುಳ್ಳು ಮಾಡಿದವರು ಕೆ.ವಿ. ಸುಬ್ಬಣ್ಣ. 1932ರಲ್ಲಿ ಸಾಗರ ತಾಲೂಕಿನ ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದ ಅವರು, ಮೈಸೂರಿನಲ್ಲಿ ಓದು ಮುಗಿಸಿ ಊರಿಗೇ ವಾಪಸ್ ಬಂದರು. ತೋಟ ನೋಡಿಕೊಳ್ಳುತ್ತಲೇ, 1949ರಲ್ಲಿ ಹೆಗ್ಗೋಡಿನಲ್ಲಿ ಶುರುವಾಗಿದ್ದ ನೀನಾಸಂ ಬೆಳೆಸಿದರು. 1980ರಲ್ಲಿ ಅಲ್ಲಿಯೇ ರಂಗಶಿಕ್ಷಣ ಕೇಂದ್ರ ಆಯ್ತು.

ಕಲಿತವರಿಗೆ ಕೆಲಸವೂ ಬೇಕಲ್ಲ? 1985ರಲ್ಲಿ ತಿರುಗಾಟ ಹೊರಟಿತು. ನಟರು ಸಂಬಳ ಪಡೆದು, ಸೆಟ್ಟು ಹೊತ್ತು ಊರೂರು ಸುತ್ತಿದರು. ನಮ್ಮ ಪಕ್ಕದ ಯಲ್ಲಾಪುರ ತಾಲೂಕಿನ ಮಂಚಿಕೇರಿ ಭಾಗದಲ್ಲಿ ನೀನಾಸಂನ ಚಿದಂಬರರಾವ್ ಜಂಬೆ ಅವರು ಸಿದ್ದಿಗಳಿಂದಲೇ ಆಫ್ರಿಕಾದ ಕಥೆಯ ನಾಟಕ ಆಡಿಸಿದರು.

1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಸುಬ್ಬಣ್ಣ ಹೆಗ್ಗೋಡು ಬಿಡಲಿಲ್ಲ. 2005ರ ಜುಲೈ 16ರಂದು ತೀರಿಕೊಂಡರು. ಅವರು ಶುರು ಮಾಡಿದ ತಿರುಗಾಟ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ.