ಐಸಾಕ್ ವಾಲ್ಟನನ ಚರಿತ್ರೆ

ಸಂಜೆಯ ವೇಳೆ ಬಿಳಿಕೆರೆಯ ಏರಿಯ ಬಳಿ ಗಾಳ ಹಾಕಿ ಸುಮ್ಮನೆ ಕುಳಿತವರನ್ನು ಕಂಡರೆ, ಇವರು ಕೆಲಸವಿಲ್ಲದೆ ಹೊತ್ತು ಕಳೆಯುವರೆಂದು ನಾವು ಎಣಿಸುವದುಂಟು. ಆದರೆ ಗಾಳ ಹಿಡಿದೇ ತಾಳ್ಮೆಯನ್ನು ಕಲಿತು, ಬಹು ದುಃಖಗಳ ನಡುವೆ ಭಕ್ತಿಯಿಂದ ಬಾಳಿದ ಒಬ್ಬ ಅಂಗಡಿಯವನ ಚರಿತ್ರೆಯನ್ನು ಈ ತಿಂಗಳು ಪ್ರಿಯ ವಾಚಕರ ಮುಂದಿಡುತ್ತೇವೆ.

ಐಸಾಕ್ ವಾಲ್ಟನನು 1593ನೆಯ ಇಸವಿಯಲ್ಲಿ ಇಂಗ್ಲೆಂಡ್ ದೇಶದ ಸ್ಟ್ಯಾಫರ್ಡ್ ಪಟ್ಟಣದಲ್ಲಿ ಹುಟ್ಟಿದನು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳಕೊಂಡು, ಲಂಡನ್ ನಗರಕ್ಕೆ ಹೋಗಿ ವ್ಯಾಪಾರವನ್ನು ಕಲಿತು ಅಂಗಡಿಯನ್ನಿಟ್ಟನು. ದೊಡ್ಡ ವಿದ್ಯಾಭ್ಯಾಸ ಇಲ್ಲದಿದ್ದರೂ ತನ್ನ ಸಭೆಯ ಬೋಧಕನೂ ಹೆಸರಾಂತ ಪ್ರಸಂಗಿಯೂ ಆಗಿದ್ದ ಜಾನ್ ಡನ್ನನ ಸ್ನೇಹವನ್ನು ಸಂಪಾದಿಸಿ, ಆತನ ಮರಣಾನಂತರ 1640ರಲ್ಲಿ ಆತನ ಜೀವನಚರಿತ್ರೆಯನ್ನು ಪ್ರಕಟಿಸಿದನು.

ವಾಲ್ಟನನು 1626ರಲ್ಲಿ ರೇಚಲ್ ಎಂಬಾಕೆಯನ್ನು ವಿವಾಹವಾದನು. ಅವರಿಗೆ ಏಳು ಮಕ್ಕಳು ಹುಟ್ಟಿದರು. ಏಳೂ ಎಳೆತನದಲ್ಲಿಯೇ ತೀರಿಹೋದವು. 1640ರಲ್ಲಿ ಹೆಂಡತಿಯೂ ತೀರಿಕೊಂಡಳು. ಎರಡು ವರ್ಷಗಳಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಆರಾಧನೆಯ ಕ್ರಮದ ವಿಷಯದಲ್ಲಿಯೂ ಕ್ರೈಸ್ತರೇ ಕ್ರೈಸ್ತರಿಗೆ ವೈರಿಗಳಾದರು. ಅರಸನ ಪಕ್ಷದ ಬೋಧಕರು ಅನೇಕರು ತಮ್ಮ ಸಭೆಗಳಿಂದ ಹೊರಡಿಸಲ್ಪಟ್ಟರು. ವಾಲ್ಟನನೂ ಆ ಪಕ್ಷದವನೇ.

ಇಂಥ ಕಾಲದಲ್ಲಿ, 1653ರಲ್ಲಿ, ಅವನು ಬರೆದದ್ದು ಜಗಳದ ಪುಸ್ತಕವನ್ನಲ್ಲ, ಗಾಳದ ಮೀನುಬೇಟೆಯ ಪುಸ್ತಕವನ್ನು! ನಮ್ಮ ಗೆಂಡೆಯ ಕುಲಕ್ಕೆ ಸೇರಿದ ಚಬ್ ಎಂಬ ಮೀನು ಬಿಸಿಲಿನಲ್ಲಿ ನೀರಿನ ಮೇಲಕ್ಕೆ ಬರುವದು. ಗಾಳದ ಕೋಲಿನ ನೆರಳು ಬಿದ್ದೊಡನೆ ತಳಕ್ಕಿಳಿಯುವದು. ಆಗ ಮರದ ಹಿಂದೆ ಅಡಗಿ, ಅಲುಗಾಡದೆ ಕಾದಿದ್ದರೆ ಅದು ಮತ್ತೆ ಮೇಲೇಳುವದು. ಆಗ ಮಿಡತೆಯನ್ನು ಮೆಲ್ಲನೆ ಅದರ ಮುಂದೆ ಇಳಿಸಬೇಕೆಂದು ಅವನು ಕಲಿಸುತ್ತಾನೆ. ಪುಸ್ತಕದ ಕೊನೆಯಲ್ಲಿ, ಸುಮ್ಮನಿದ್ದು ಬಾಳುವದನ್ನು ಅಭ್ಯಾಸಮಾಡಿರೆಂದು ಪೌಲನು ಥೆಸಲೊನೀಕದವರಿಗೆ ಬರೆದ ಬುದ್ಧಿಮಾತನ್ನು ನೆನಪಿಗೆ ತರುತ್ತಾನೆ.

ಮುಪ್ಪಿನಲ್ಲಿ ಅವನಿಗೆ ಚಾರ್ಲ್ಸ್ ಕಾಟನ್ ಎಂಬವನು ಆಪ್ತನಾದನು. ಇವನು ವಾಲ್ಟನನಿಗಿಂತ 37 ವರ್ಷ ಚಿಕ್ಕವನು. ಇವನ ಊರಿನ ಡವ್ ಎಂಬ ಚಿಕ್ಕ ಹೊಳೆಯಲ್ಲಿ ಟ್ರೌಟ್ ಮೀನುಗಳಿದ್ದವು. ಆ ಮೀನು ತಣ್ಣನೆಯ ತಿಳಿನೀರನ್ನೇ ಬಯಸುವದು. ನಮ್ಮ ಹುಣಸೂರಿನ ಲಕ್ಷ್ಮಣತೀರ್ಥದ ಬೆಚ್ಚನೆಯ ನೀರು ಅದಕ್ಕೆ ಒಗ್ಗದು. ಕಾಟನನು 1674ರಲ್ಲಿ ಆ ದಡದ ಮೇಲೆ ಒಂದು ಚಿಕ್ಕ ಮನೆಯನ್ನು ಕಟ್ಟಿಸಿ, ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಒಂದರೊಳಗೊಂದು ಹೆಣೆದು ಕಲ್ಲಿನಲ್ಲಿ ಕೆತ್ತಿಸಿದನು. 1676ರ ಮುದ್ರಣಕ್ಕೆ ಟ್ರೌಟ್ ಹಿಡಿಯುವ ವಿಧಾನವನ್ನು ಬರೆದುಕೊಟ್ಟವನೂ ಇವನೇ.

ವಾಲ್ಟನನು 1683ರ ಡಿಸೆಂಬರ್ 15ರಂದು, 90 ವರ್ಷದವನಾಗಿ, ವಿಂಚೆಸ್ಟರಿನಲ್ಲಿ ಕರ್ತನಲ್ಲಿ ನಿದ್ರೆಹೋದನು. ಬಡವರ ಇಬ್ಬರು ಹುಡುಗರಿಗೆ ವರ್ಷವರ್ಷವೂ ಕಸುಬು ಕಲಿಸುವದಕ್ಕೂ, ಚಳಿಗಾಲದಲ್ಲಿ ಬಡವರಿಗೆ ಕಲ್ಲಿದ್ದಲು ಕೊಡುವದಕ್ಕೂ ಹುಟ್ಟೂರಿಗೆ ಆಸ್ತಿಯನ್ನು ಬರೆದಿಟ್ಟಿದ್ದನು.

ಏಳು ಮಕ್ಕಳನ್ನು ಮಣ್ಣುಮಾಡಿದ ಕೈ ದೇವರಿಗೆ ವಿರೋಧವಾಗಿ ಏಳಲಿಲ್ಲ, ನೆರೆಯವನ ಮೇಲೂ ಏಳಲಿಲ್ಲ. ಸಭೆಯಲ್ಲಿ ಮನಸ್ತಾಪ ಹುಟ್ಟಿದಾಗ, ಮನೆಯಲ್ಲಿ ಮರಣವಾದಾಗ, ನಾವೂ ನೀರಿನ ಬಳಿ ಕುಳಿತವನಂತೆ ಕರ್ತನಿಗಾಗಿ ಕಾದಿರಲು ಕಲಿಯೋಣ.