ಎರಡಾಣೆಯಿಂದ ಮಣಿಪಾಲದವರೆಗೆ: ಉಡುಪಿಯ ಡಾಕ್ಟರು ಟಿ.ಎಂ.ಎ. ಪೈ

ಮಾನೇಸರ್: ಮಾನೇಸರ್, ಗುರುಗ್ರಾಮ ಕಡೆ ಕರಾವಳಿಯ ನಾಲ್ಕು ಮಂದಿ ಒಂದೆಡೆ ಸೇರಿದರೆ ಮಾತು ಮಣಿಪಾಲಕ್ಕೆ ಬಾರದೆ ಇರುವುದಿಲ್ಲ. ಒಬ್ಬರು ಅಲ್ಲಿ ಇಂಜಿನಿಯರಿಂಗ್ ಓದಿದವರು, ಇನ್ನೊಬ್ಬರ ತಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಇದ್ದವರು, ಮತ್ತೊಬ್ಬರ ತಾಯಿಗೆ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಆಪರೇಷನ್ ಆದದ್ದು. ಈ ಮೂರಕ್ಕೂ ಕಾರಣಪುರುಷರಾದ ಡಾ. ಟಿ.ಎಂ.ಎ. ಪೈಯವರು ಕೀರ್ತಿಶೇಷರಾಗಿ ನಾಲ್ಕು ದಶಕಗಳು ದಾಟಿವೆ. ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರು ಮೊದಲು ಒಬ್ಬ ಊರ ಡಾಕ್ಟರು ಎಂಬುದು ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಸಮೀಪದ ಕಲ್ಯಾಣಪುರದಲ್ಲಿ. ಮನೆಮಾತು ಕೊಂಕಣಿ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಡಾಕ್ಟರಾಗಬೇಕೆಂದವರು ಮದ್ರಾಸಿಗೇ ಹೋಗಬೇಕು. ಪೈಯವರೂ ಅಲ್ಲಿಯೇ ಎಂ.ಬಿ.ಬಿ.ಎಸ್. ಮುಗಿಸಿದರು. ಮುಂದೆ ಜಪಾನಿಗೆ ಹೋಗಿ ಹೆಚ್ಚಿನ ವ್ಯಾಸಂಗ ಮಾಡುವ ಆಸೆ ಅವರಿಗಿತ್ತು, ತಾಯಿ ಒಪ್ಪದೆ ಊರಿನಲ್ಲಿಯೇ ಉಳಿಸಿಕೊಂಡರು ಎಂದು ಹಿರಿಯರು ಹೇಳುವುದುಂಟು. ಹೊಟ್ಟೆಪಾಡಿಗೆ ಎರಡು ಸಾವಿರ ಕಿಲೋಮೀಟರ್ ದಾಟಿ ಬಂದಿರುವ ನಮ್ಮವರಿಗೆ ಆ ತಾಯಿಯ ಹಟ ವಿಚಿತ್ರವಾಗಿ ಕಾಣಬಹುದು. ಆದರೆ ಮಗ ಊರಿನಲ್ಲಿ ಉಳಿದದ್ದರಿಂದ ಏನೇನಾಯಿತು ಎಂಬುದೇ ಮುಂದಿನ ಕಥೆ.

ಉಡುಪಿ ಆಗ ಅಷ್ಟಮಠಗಳ ಸಣ್ಣ ಪೇಟೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಬೇಸಾಯ, ಮೀನುಗಾರಿಕೆ, ಕೈಮಗ್ಗ. ಮಿಲ್ಲಿನ ಬಟ್ಟೆ ಬಂದು ನೇಕಾರರ ಮಗ್ಗಗಳು ನಿಲ್ಲುತ್ತಿದ್ದ ಕಾಲ. ಇಂಥ ಊರಿನಲ್ಲಿ ಡಾಕ್ಟರನ ಬಳಿ ಬರುವವರ ಕೈಯಲ್ಲಿ ಔಷಧಿಗೂ ಕಾಸಿರುವುದಿಲ್ಲ. ಕಾಯಿಲೆಯ ಜೊತೆಗೆ ಬಡತನಕ್ಕೂ ಮದ್ದು ಬೇಕಿತ್ತು.

1925ರಲ್ಲಿ ಅಣ್ಣ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ಡಾಕ್ಟರು ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಬಂಡವಾಳ ಎಂಟು ಸಾವಿರ ರೂಪಾಯಿ. ನೇಕಾರರಿಗೆ ನೆರವಾಗಬೇಕೆಂಬುದು ಮೊದಲ ಉದ್ದೇಶ. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಬಂದದ್ದು ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು. ಜನ ಬ್ಯಾಂಕಿಗೆ ಬರಬೇಕಾಗಿಲ್ಲ, ಬ್ಯಾಂಕಿನ ಏಜೆಂಟರೇ ಮನೆಗೆ, ಅಂಗಡಿಗೆ ಬಂದು ವಸೂಲಿ ಮಾಡುತ್ತಾರೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ಬಡ್ಡಿ ಬಿಟ್ಟು ನಲವತ್ತೈದು ರೂಪಾಯಿ ಹತ್ತಾಣೆ. ದಿನಗೂಲಿಯವನು ಇಷ್ಟು ಹಣವನ್ನು ಒಟ್ಟಿಗೆ ನೋಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಬ್ಯಾಂಕೆಂದರೆ ಸಾಹುಕಾರರಿಗೆ ಎಂದು ತಿಳಿದಿದ್ದ ಜನ ಮೊದಲ ಸಲ ತಮ್ಮ ಹೆಸರಿನಲ್ಲಿ ಖಾತೆ ಕಂಡರು. ದಿನವೂ ಬಿಡದೆ ಕಟ್ಟಬೇಕು ಎಂಬುದರಲ್ಲಿ ಔಷಧಿ ಬರೆದುಕೊಡುವ ಡಾಕ್ಟರ ಬುದ್ಧಿಯೇ ಕಾಣುತ್ತದೆ.

ಮನೆ ದೊಡ್ಡದು. ಅಣ್ಣ ತಮ್ಮಂದಿರು ಕೂಡಿ ನಡೆಸಿದ ಸಂಸಾರ, ಕೂಡಿ ನಡೆಸಿದ ವ್ಯವಹಾರ. ಪತ್ನಿ ಶಾರದಾ, ಮನೆತುಂಬ ಮಕ್ಕಳು. ಅಣ್ಣ ಉಪೇಂದ್ರ ಪೈಯವರ ಮಗ ಟಿ.ಎ. ಪೈ ಬ್ಯಾಂಕಿನಲ್ಲಿ ಬೆಳೆದು, 1965ರಲ್ಲಿ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು. ಆಮೇಲೆ ಕೇಂದ್ರ ಸಚಿವರಾಗಿ ದೆಹಲಿಗೆ ಬಂದರು. ಡಾಕ್ಟರು ಮಾತ್ರ ಊರು ಬಿಡಲಿಲ್ಲ.

ಉಡುಪಿಯಿಂದ ನಾಲ್ಕೈದು ಕಿಲೋಮೀಟರ್ ದೂರದ ಮಣಿಪಾಲ ಆಗ ಮರಗಿಡವಿಲ್ಲದ ಬೋಳುಗುಡ್ಡ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪನೆಯಾಯಿತು. 1949ರಲ್ಲಿ ಉಡುಪಿಗೆ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಬಂತು. ಜನ ಇದನ್ನು ಎಂ.ಜಿ.ಎಂ. ಎಂದೇ ಕರೆಯುತ್ತಾರೆ. ಕು.ಶಿ. ಹರಿದಾಸ ಭಟ್ಟರು ಪ್ರಿನ್ಸಿಪಾಲರಾಗಿದ್ದ ಕಾಲದಲ್ಲಿ ಸಾಹಿತ್ಯ, ಯಕ್ಷಗಾನ, ಜಾನಪದಕ್ಕೆ ಇಡೀ ಕರಾವಳಿಯೇ ಆ ಕಾಲೇಜಿನತ್ತ ನೋಡುತ್ತಿತ್ತು.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಸರಕಾರದ ದುಡ್ಡಿಲ್ಲದೆ, ಕಲಿಯುವವರೇ ಕೊಡುವ ಹಣದಿಂದ ಮೆಡಿಕಲ್ ಕಾಲೇಜು ನಡೆಸುವುದೆಂದರೆ ಆಗ ನಂಬಲಾಗದ ಮಾತು. ತಮ್ಮದೇ ದೊಡ್ಡ ಆಸ್ಪತ್ರೆ ಇನ್ನೂ ಇರಲಿಲ್ಲ. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿ ಕಲಿಯುವುದು ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲಿ, ಹೀಗೆ ಹೊಂದಿಸಿಕೊಂಡರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1961ರಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಬಂದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಡೊನೇಶನ್ ಎಂಬ ಪದ್ಧತಿಗೆ ದಾರಿ ತೋರಿಸಿದ್ದು ಮಣಿಪಾಲ ಎಂಬ ಟೀಕೆ ಅವರ ಕಾಲದಲ್ಲಿಯೂ ಇತ್ತು, ಆಮೇಲೂ ಉಳಿಯಿತು. ಎರಡಾಣೆಯವನಿಗೆ ಬ್ಯಾಂಕಿನ ಬಾಗಿಲು ತೆರೆದವರ ಕಾಲೇಜಿನ ಬಾಗಿಲು ಗುಮಾಸ್ತನ ಮಕ್ಕಳಿಗೆ ಸುಲಭವಾಗಿ ತೆರೆಯಲಿಲ್ಲ ಎಂದು ನೊಂದುಕೊಂಡವರು ಇದ್ದಾರೆ. ಅದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಸರಕಾರ ಕಾಲೇಜು ಕೊಡದಿದ್ದ ಕಡೆ ಬೇರೆ ಯಾವ ದಾರಿಯಿತ್ತು ಎಂಬುದಕ್ಕೂ ಉತ್ತರ ಸುಲಭವಲ್ಲ. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕಾನೂನು ಮಾಡಿತು. 2002ರಲ್ಲಿ ಇಲ್ಲಿಯೇ ದೆಹಲಿಯ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕಿನ ಬಗ್ಗೆ ಕೊಟ್ಟ ದೊಡ್ಡ ತೀರ್ಪಿಗೂ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರೇ ಇದೆ. ಡಾಕ್ಟರು ತೀರಿಕೊಂಡು ಇಪ್ಪತ್ತಮೂರು ವರ್ಷವಾದರೂ ವಾದ ಮುಗಿದಿರಲಿಲ್ಲ.

1969ರ ಜುಲೈಯಲ್ಲಿ ರಾಷ್ಟ್ರೀಕರಣವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ನಲವತ್ತನಾಲ್ಕು ವರ್ಷ ಸಾಕಿದ ಕೂಸು ಸರಕಾರದ ಪಾಲಾಯಿತು. ಆ ಹೊತ್ತಿಗೆ ಡಾಕ್ಟರಿಗೆ ಎಪ್ಪತ್ತು ದಾಟಿತ್ತು. 1972ರಲ್ಲಿ ಪದ್ಮಶ್ರೀ ಬಂತು. 1979ರ ಮೇ 29ರಂದು ಅವರು ತೀರಿಕೊಂಡರು. ಮಣಿಪಾಲದ ಸಂಸ್ಥೆಗಳ ಹೊಣೆ ಮಗ ಡಾ. ರಾಮದಾಸ ಪೈಯವರ ಹೆಗಲಿಗೆ ಬಂತು. ಅವರೂ ತಂದೆ ಕಟ್ಟಿದ ಕಾಲೇಜಿನಲ್ಲಿಯೇ ಓದಿ ಡಾಕ್ಟರಾದವರು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹಳೆಯ ಹೆಸರು ಹೋಯಿತು. ಆದರೆ ಊರ ಕಡೆ ಸಂಜೆ ಹೊತ್ತು ಹಣ ಎತ್ತಲು ಅಂಗಡಿಗೆ ಬರುವವರು ಯಾವ ಸಹಕಾರಿ ಸಂಘದವರೇ ಆಗಿರಲಿ, ಅಂಗಡಿಯವರು ಅವರನ್ನು ಕರೆಯುವುದು ಮಾತ್ರ ಈಗಲೂ ಪಿಗ್ಮಿಯವರು ಎಂದೇ.