ಕೆರೆ ಕಟ್ಟಿದ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು

12ನೆಯ ಶತಮಾನದಲ್ಲಿ ಶಿವಶರಣರ ಸಮೂಹವು ಕಲ್ಯಾಣವನ್ನು ಬೆಳಗುತ್ತಿದ್ದ ಕಾಲದಲ್ಲಿ, ಜಲದಾನವನ್ನೇ ಶಿವಪೂಜೆಯಾಗಿ ಕೈಕೊಂಡ ಮಹನೀಯರು ಸೊನ್ನಲಿಗೆಯ ಶ್ರೀ ಸಿದ್ಧರಾಮೇಶ್ವರರು. ಈಗ ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರವೇ ಆ ಸೊನ್ನಲಿಗೆ. ಭೀಮಾ, ಸೀನಾ ನದಿಗಳು ಹರಿಯುವ ಸೀಮೆಗೆ ಸೇರಿದ್ದರೂ ಆ ಊರು ಮಹಾನದಿಯ ದಡದಲ್ಲಿಲ್ಲ. ಮಳೆಯೂ ಅಲ್ಲಿ ಅಲ್ಪವು, ಅನಿಶ್ಚಿತವು. ಅಂತಹ ಬಯಲುಸೀಮೆಯಲ್ಲಿ ಕೆರೆಯೇ ಜನಕ್ಕೂ ಗೋವುಗಳಿಗೂ ಪ್ರಾಣಾಧಾರವು.

ಸಿದ್ಧರಾಮರ ತಂದೆ ಮುದ್ದುಗೌಡರು, ತಾಯಿ ಸುಗ್ಗಲದೇವಿಯು. ಶ್ರೀ ರೇವಣಸಿದ್ಧರ ಆಶೀರ್ವಾದದಿಂದ ಜನಿಸಿದ ಶಿಶುವೆಂದು ಪುರಾತನರು ಹೇಳುವರು. ಮಹಾಕವಿ ರಾಘವಾಂಕನು ಸಿದ್ಧರಾಮ ಚಾರಿತ್ರದಲ್ಲಿ ಇವರ ಬಾಲ್ಯವನ್ನು ಭಕ್ತಿಯಿಂದ ವರ್ಣಿಸಿದ್ದಾನೆ. ಹೊಲದಲ್ಲಿದ್ದ ಬಾಲಕನ ಬಳಿಗೆ ಶ್ರೀಶೈಲದ ಮಲ್ಲಯ್ಯನು ಜಂಗಮರೂಪದಿಂದ ಬಂದು ಉಣಿಸನ್ನು ಬೇಡಿದನು. ಬಾಲಕನು ಮನೆಗೆ ಓಡಿ ಅದನ್ನು ತರುವಷ್ಟರಲ್ಲಿ ಜಂಗಮನು ಅಲ್ಲಿರಲಿಲ್ಲ. ಮಲ್ಲಯ್ಯನನ್ನು ಕೂಗುತ್ತ, ಅಳುತ್ತ, ಆ ಎಳೆಯನು ಯಾತ್ರಿಕರೊಡನೆ ಶ್ರೀಶೈಲಕ್ಕೆ ನಡೆದನು. ಅಲ್ಲಿಯೂ ಕಾಣದೆ ಕಮರಿಗೆ ಬೀಳಲು ಮುಂದಾದಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ತಡೆದು, ಸೊನ್ನಲಿಗೆಯನ್ನು ಅಭಿನವ ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆಯಿತ್ತನು.

ಹಿಂದಿರುಗಿದ ಸಿದ್ಧರಾಮರು ಗುಡಿಯನ್ನು ಕಟ್ಟಿಸಿ, ಊರಿನ ಸುತ್ತ 68 ಲಿಂಗಗಳನ್ನು ಪ್ರತಿಷ್ಠಿಸಿದರು. ಶಿಷ್ಯರೊಡಗೂಡಿ ಕೆರೆಯನ್ನು ತೋಡಿದರು. ಹರಿದು ಹೋಗುವ ಮಳೆನೀರನ್ನು ಕೆರೆಯು ತಡೆದು ನಿಲ್ಲಿಸುವುದು. ನಿಂತ ನೀರು ಮೆಲ್ಲನೆ ಭೂಮಿಗೆ ಇಂಗಿ ಸುತ್ತಣ ಬಾವಿಗಳ ಒರತೆಯನ್ನು ಹೆಚ್ಚಿಸುವುದು. ಒಬ್ಬನ ಮನೆಯ ಧನವು ಒಂದು ಕುಲವನ್ನು ಸಾಕಿದರೆ, ಒಂದು ಕೆರೆಯು ಒಂದು ನಾಡನ್ನೇ ಸಾಕುವುದು.

ಈ ಕಾಯಕವು ನಡೆಯುತ್ತಿರುವಾಗಲೇ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು. ಮಣ್ಣು ಅಗೆಯುವ ಒಡ್ಡನೆಂದು ಸಿದ್ಧರಾಮರನ್ನು ಕರೆದರು. ಶಿಷ್ಯರು ಕೆರಳಿ ಕಲ್ಲುಗಳನ್ನು ಎಸೆದರು. ಒಂದೂ ಪ್ರಭುಗಳಿಗೆ ತಾಗಲಿಲ್ಲ. ಕೋಪದಿಂದ ಬಂದ ಸಿದ್ಧರಾಮರಿಗೆ ಪ್ರಭುಗಳು ಕೊಟ್ಟ ಪೆಟ್ಟು ಕೆರೆಯ ಮೇಲಿನದಲ್ಲ, ಕಟ್ಟಿದವನು ನಾನೆಂಬ ಭಾವದ ಮೇಲಿನದು. ಹೊರಗೆ ಸಾವಿರ ಕೆರೆಗಳನ್ನು ತುಂಬಿಸಿದರೂ ಒಳಗೆ ಅರಿವು ಬತ್ತಿದ್ದರೆ ಫಲವೇನೆಂಬುದೇ ಅವರ ಬೋಧೆಯ ಸಾರವು. ಹಲವು ವರ್ಷ ಬೆವರು ಸುರಿಸಿದವರಿಗೆ ಈ ಮಾತನ್ನು ಒಪ್ಪುವುದು ಸುಲಭವಲ್ಲ. ಸಿದ್ಧರಾಮರು ಒಪ್ಪಿದರು. ಪ್ರಭುಗಳೊಡನೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು. ಪ್ರಭುದೇವ, ಚೆನ್ನಬಸವಣ್ಣನವರ ತರುವಾಯ ಶೂನ್ಯಸಿಂಹಾಸನದ ಮೂರನೆಯ ಅಧ್ಯಕ್ಷರಾದರು. ಕಪಿಲಸಿದ್ಧಮಲ್ಲಿಕಾರ್ಜುನ ಎಂಬುದು ಅವರ ವಚನಗಳ ಅಂಕಿತವು.

ಅಹಂಕಾರವು ಅಳಿಯಿತು, ಕೆರೆಯು ಉಳಿಯಿತು. ಕಡೆಗೆ ಸಿದ್ಧರಾಮರು ಸೊನ್ನಲಿಗೆಗೆ ಮರಳಿ ಅಲ್ಲಿಯೇ ಸಮಾಧಿಸ್ಥರಾದರು. ಇಂದಿಗೂ ಆ ಕೆರೆಯ ನಡುವೆ ಅವರ ದೇವಾಲಯವಿದೆ. ಮಕರ ಸಂಕ್ರಾಂತಿಯಂದು ನಂದಿಧ್ವಜಗಳ ಮೆರವಣಿಗೆಯು ವೈಭವದಿಂದ ನಡೆಯುವುದು.

ಬೆಂಗಳೂರಿನ ಪಡುವಣ ಭಾಗದ ಸದ್ಭಕ್ತರಿಗೆ ಈ ಚರಿತ್ರೆಯು ದೂರದ್ದಲ್ಲ. ಸೊನ್ನಲಿಗೆಯಂತೆ ಬೆಂಗಳೂರೂ ಮಹಾನದಿಯಿಲ್ಲದ, ಕೆರೆಗಳಿಂದಲೇ ಬಾಳಿದ ಊರು. ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕೆಂಗೇರಿಯ ಮಾರ್ಗವಾಗಿ ಅರ್ಕಾವತಿಯನ್ನು ಸೇರುವ ವೃಷಭಾವತಿಯು ನಗರದ ಕೊಳಚೆಯನ್ನು ಹೊತ್ತು ಹರಿಯುತ್ತಿದೆ. ನಂದಿಯ ಹೆಸರನ್ನೇ ಧರಿಸಿದ ನದಿಗೆ ಈ ಗತಿಯು ಬಂದಿರಲು, ನಂದಿಧ್ವಜದ ಯೋಗಿಯನ್ನು ಬರಿಯ ಮಂಗಳಾರತಿಯಿಂದ ಸ್ಮರಿಸಿದರೆ ಸಾಲದು. ಉಳಿದಿರುವ ಕೆರೆಯ ಹೂಳನ್ನು ಎತ್ತುವ ಕೈಯೂ, ನೀರಿಗೆ ಹೊಲಸನ್ನು ಬಿಡದ ಮನೆಯೂ ಸಿದ್ಧರಾಮರ ಪೂಜೆಯಲ್ಲಿ ಪಾಲುಗೊಂಡಂತೆಯೇ ಸರಿ. ಮಾಡಿದೆನೆಂಬ ಹಮ್ಮನ್ನು ಬಿಟ್ಟು ಮಾಡುವುದೇ ಆ ಶಿವಯೋಗಿಯು ತೋರಿದ ಮಾರ್ಗವು.